ಬಟನ್ ಯಾರ ಕೈಯಲ್ಲಿ?

ಹಳೆಯ ಮನೆಯನ್ನು ಭಾಗ ಮಾಡಿ ಬಾಡಿಗೆಗೆ ಕೊಟ್ಟ ಕಡೆ ಒಂದು ವಿಚಿತ್ರ ಉಳಿಯುವುದುಂಟು: ಪ್ಲಗ್ ಪಾಯಿಂಟ್ ಬಾಡಿಗೆಯವರ ಖೋಲಿಯಲ್ಲಿ, ಅದರ ಬಟನ್ ಮಾಲೀಕರ ಪಡಸಾಲೆಯಲ್ಲಿ. ರೋಣ, ನರಗುಂದ, ಗಜೇಂದ್ರಗಡದ ಕಡೆ ಓದಲು ಬಂದು ಅಂಥ ಖೋಲಿ ಹಿಡಿದವರು ಮೊಬೈಲ್ ಚಾರ್ಜಿಗೆ ಹಾಕಿ ಗೋಡೆಯಾಚೆ ಕೂಗಬೇಕು: "ಅವ್ವಾರ, ಬಟನ್ ಹಾಕ್ರಿ." ಅವ್ವಾರು ಹಾಕುತ್ತಾರೆ, ಒಂದು ದಿನವೂ ಇಲ್ಲವೆನ್ನುವುದಿಲ್ಲ. ನನ್ನ ಪ್ರಶ್ನೆ ಹುಟ್ಟುವುದು ಆ ಒಳ್ಳೆಯತನದಿಂದಲೇ. ಎಂದೂ ಆರಿಸದ ಕೈಯಲ್ಲಿ ಬಟನ್ ಇದ್ದರೆ, ಖೋಲಿಯಲ್ಲಿರುವವರು ಸ್ವತಂತ್ರರೇ?

ನಮ್ಮಲ್ಲಿ ಸಾಮಾನ್ಯವಾಗಿ ಪಾಯಿಂಟಿನ ಪಕ್ಕದಲ್ಲೇ ಅದರ ಬಟನ್ ಇರುತ್ತದೆ. ಅಮೆರಿಕದಲ್ಲಿ ಹಾಗಲ್ಲ. ಎಷ್ಟೋ ಮನೆಗಳಲ್ಲಿ ಬಾಗಿಲ ಬಳಿಯ ಸ್ವಿಚ್ಚು ದೂರದ ಗೋಡೆಯ ಪಾಯಿಂಟನ್ನು ನಡೆಸುತ್ತದೆ, ಅಲ್ಲಿಟ್ಟ ಟೇಬಲ್ ದೀಪ ಒಳಗೆ ಬರುತ್ತಲೇ ಹತ್ತಲಿ ಎಂದು. ಹೊಸದಾಗಿ ಹೋದ ನಮ್ಮವರು ಪಾಯಿಂಟೇ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಗೊತ್ತಾದ ಮೇಲೆ ಸ್ವಿಚ್ಚಿಗೆ ಟೇಪು ಅಂಟಿಸುತ್ತಾರೆ. ಅಲ್ಲಿ ತೊಂದರೆ ತಿಳಿವಳಿಕೆಯದು, ತಿಳಿದರೆ ಮುಗಿಯಿತು. ಇಲ್ಲಿ ಎಲ್ಲ ತಿಳಿದಿದ್ದೂ ಮುಗಿಯುವುದಿಲ್ಲ.

ಫಿಲಿಪ್ ಪೆಟಿಟ್ 1997ರಲ್ಲಿ ಪ್ರಕಟವಾದ 'ರಿಪಬ್ಲಿಕನಿಸಂ' ಪುಸ್ತಕದಲ್ಲಿ ವಾದಿಸುವುದು ಇದನ್ನೇ: ಯಾರೂ ಅಡ್ಡ ಬರುತ್ತಿಲ್ಲ ಎಂಬುದಷ್ಟೇ ಸ್ವಾತಂತ್ರ್ಯವಲ್ಲ, ಮನಸ್ಸು ಬಂದಂತೆ ಅಡ್ಡ ಬರುವ ಅಧಿಕಾರವೇ ಯಾರ ಬಳಿಯೂ ಇರಬಾರದು. ದಯಾಳು ಧಣಿಯ ಆಳು ಕೂಡ ಆಳೇ. ಖೋಲಿಯ ಹುಡುಗಿ ರಾತ್ರಿ ಹನ್ನೊಂದಕ್ಕೆ ಲ್ಯಾಪ್‌ಟಾಪ್ ಹಚ್ಚುವ ಮೊದಲು ಪಡಸಾಲೆಯಲ್ಲಿ ಟಿವಿ ಸದ್ದು ಇದೆಯೇ ಎಂದು ಕಿವಿಗೊಡುತ್ತಾಳಲ್ಲ, ಆ ಕಿವಿಗೊಡುವುದರಲ್ಲಿ ಪೆಟಿಟ್ ಹೇಳುವುದೆಲ್ಲ ಇದೆ.

ಆದರೆ ಅವ್ವಾರ ಕಡೆಯ ಮಾತೂ ಹಗುರವಲ್ಲ. ಮೀಟರ್ ಒಂದೇ, ಬಿಲ್ಲು ಅವರ ಹೆಸರಿಗೆ. 2023ರಲ್ಲಿ ಬಂದ ಗೃಹಜ್ಯೋತಿಯಲ್ಲಿ ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ಖೋಲಿಯಲ್ಲಿ ಯಾರೋ ನೀರು ಕಾಯಿಸಲು ರಾಡ್ ಹಾಕಿ ಮರೆತರೆ ಹೊರೆ ಬೀಳುವುದು ಪಡಸಾಲೆಯ ಮೇಲೆ. ಲೆಕ್ಕ ಬೇಕೆನ್ನುವುದು ನ್ಯಾಯವೇ. ಆದರೆ ಲೆಕ್ಕಕ್ಕೆ ಸಬ್‌ಮೀಟರ್ ಸಾಕು. ಅದು ಎಣಿಸುತ್ತದೆ, ಅಷ್ಟೇ. ಬಟನ್ ತೀರ್ಪು ಕೊಡುತ್ತದೆ.

ಹಾಗಾದರೆ ಬಟನ್ ತಪ್ಪಿಸಿ, ಸದಾ ಕರೆಂಟ್ ಇರುವ ತಂತಿಯಿಂದ ಪಾಯಿಂಟಿಗೆ ಗುಟ್ಟಾಗಿ ಕೊಂಡಿ ಎಳೆದುಕೊಂಡರೆ? ಜಾಣ ಹುಡುಗರು ಹೀಗೆ ಮಾಡುತ್ತಾರೆ, ನ್ಯಾಯ ತಮ್ಮ ಕಡೆಗಿದೆ ಎಂದೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ತಂತಿ ಸುಟ್ಟೀತು ಎಂಬ ಭಯ ಒಂದು: 1500 ವ್ಯಾಟಿನ ರಾಡ್ 230 ವೋಲ್ಟಿನಲ್ಲಿ ಸುಮಾರು 6.5 ಆಂಪಿಯರ್ ಎಳೆಯುತ್ತದೆ, ದೀಪದ ಸಣ್ಣ ತಂತಿ ಅದಕ್ಕೆ ಹಾಕಿದ್ದಲ್ಲ. ಅದಕ್ಕಿಂತ ದೊಡ್ಡದು ಇನ್ನೊಂದಿದೆ. ಆರಿಸಿದ ಬಟನ್ ಒಂದು ಮಾತು ಕೊಟ್ಟಂತೆ, ಮುಟ್ಟಬಹುದು ಎಂದು. ಅದಕ್ಕೇ ಸ್ವಿಚ್ಚು ಫೇಸ್ ತಂತಿಯ ಮೇಲೆ ಇರಬೇಕು ಎಂಬ ನಿಯಮ. ನ್ಯೂಟ್ರಲ್ ಮೇಲೆ ಕೂರಿಸಿದರೆ ದೀಪ ಆರುತ್ತದೆ, ಹೋಲ್ಡರಿನಲ್ಲಿ ಕರೆಂಟ್ ಹಾಗೇ ಇರುತ್ತದೆ. ಗುಟ್ಟಿನ ಕೊಂಡಿಯೂ ಅದೇ ಸುಳ್ಳು ಹೇಳುತ್ತದೆ. ನಾಳೆ ಪಡಸಾಲೆಯ ಬಟನ್ ಆರಿಸಿ, ನಂಬಿ, ಪಾಯಿಂಟ್ ಬಿಚ್ಚುವ ಎಲೆಕ್ಟ್ರಿಷಿಯನ್‌ಗೂ ಈ ಜಗಳಕ್ಕೂ ಏನು ಸಂಬಂಧ?

ಹೊಲಕ್ಕೆ ಹೋದರೂ ಇದೇ ಕಥೆ. ಗಜೇಂದ್ರಗಡದ ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುತ್ತಿರುತ್ತವೆ, ಕೆಳಗಿನ ರೈತ ತ್ರೀಫೇಸ್ ಯಾವಾಗ ಬಂದೀತೆಂದು ಕಾಯುತ್ತಾನೆ. ಸ್ಟಾರ್ಟರ್ ಅವನ ಹೊಲದಲ್ಲೇ ಇದೆ, ಹೊತ್ತು ಗೊತ್ತುಮಾಡುವವರು ಬೇರೆ. ನಿದ್ದೆಗೆಟ್ಟು ಸಾಕಾಗಿ ಆಟೋ ಸ್ಟಾರ್ಟರ್ ಕೂರಿಸುತ್ತಾನೆ. ಮೋಟಾರು ತಾನೇ ಶುರುವಾಗುತ್ತದೆ, ಬದುವಿನ ಬಳಿ ಯಾರಿದ್ದಾರೆ ಎಂದು ಅದು ಕೇಳುವುದಿಲ್ಲ. ಅವನನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ.

ಖೋಲಿಯ ಮಟ್ಟಿಗೆ ದಾರಿ ಸುಲಭ. ಒಂದು ಸ್ವಿಚ್ಚು, ಒಂದು ಡಬ್ಬಿ, ಒಂದಿಷ್ಟು ತಂತಿ, ತಿಳಿದವರ ಅರ್ಧ ದಿನದ ಕೆಲಸ. ಕಷ್ಟವಿರುವುದು ಬಾಯಿ ತೆರೆಯುವುದರಲ್ಲಿ. "ಅವ್ವಾರ, ಬಟನ್ ಈ ಕಡೆ ಹಾಕಿಸ್ಕೊಳ್ಳಲೇನ್ರಿ?" ಎಂದರೆ ಅವರು ಕೈಯಲ್ಲಿದ್ದ ಮೊರ ಕೆಳಗಿಟ್ಟು ಕೇಳುತ್ತಾರೆ: "ಯಾಕವ್ವಾ, ನಾ ಎಂದಾರ ಆರಿಸೀನೇನು?"