ಊರೊಟ್ಟಿನ ಅಹಿಂಸೆ

ಅಹಿಂಸೆಯನ್ನು ಭಾರತದ ಧರ್ಮಗಳು ಹೆಚ್ಚಾಗಿ ಒಬ್ಬೊಬ್ಬರ ವ್ರತವಾಗಿ ಬೋಧಿಸಿವೆ. ಜೈನರಲ್ಲಿ ಅದು ಮುನಿಗೆ ಮಹಾವ್ರತ, ಗೃಹಸ್ಥನಿಗೆ ಅಣುವ್ರತ. ಬೌದ್ಧರ ಪಂಚಶೀಲದಲ್ಲಿ ಮೊದಲನೆಯದು, ಪತಂಜಲಿ ಹೇಳುವ ಯಮಗಳಲ್ಲೂ ಮೊದಲನೆಯದು. ವ್ರತ ಹಿಡಿಯುವವನು ಒಬ್ಬ, ಮುರಿದರೆ ಪಾಪ ತಟ್ಟುವುದೂ ಆ ಒಬ್ಬನಿಗೆ. ಹಿಂಸೆ ನಡೆಯುವ ಬಗೆ ಮಾತ್ರ ಹೀಗಿಲ್ಲ. ಹಳ್ಳಿಯ ಜಾತ್ರೆಯಲ್ಲಿ, ಪೇಟೆಯ ಮೆರವಣಿಗೆಯಲ್ಲಿ, ಕಾಲೇಜಿನ ಗೇಟಿನ ಮುಂದೆ ಅದು ಗುಂಪಿನಲ್ಲಿ ಹುಟ್ಟಿ ಗುಂಪಿನ ಬಲದಲ್ಲೇ ಬೆಳೆಯುತ್ತದೆ. ಕೈ ಎತ್ತಿದವನು ಒಬ್ಬನೇ ಆದರೂ ಅವನ ಬೆನ್ನಿಗೆ ನಿಂತವರು ಇರುತ್ತಾರೆ, ನೋಡಿಯೂ ಸುಮ್ಮನಾದವರು ಇನ್ನೂ ಹೆಚ್ಚು ಇರುತ್ತಾರೆ. ಹಾಗಾದರೆ ಒಬ್ಬೊಬ್ಬರ ವ್ರತದಿಂದ ಊರಿನ ಹಿಂಸೆ ನಿಂತೀತೇ? ಅಥವಾ ಹಬ್ಬದ ಹಾಗೆ ಅಹಿಂಸೆಯೂ ಊರೆಲ್ಲ ಸೇರಿ ಮಾಡಬೇಕಾದದ್ದೇ? ಯುವಜನರನ್ನು ಸೇರಿಸಿಕೊಂಡು ಹಿಂಸೆ ತಡೆಯಲು ಹೊರಡುವ ಶಿಬಿರ, ಜಾಥಾ, ಶಾಂತಿ ಸಭೆ, ಹಾಡಿನ ರಾತ್ರಿಗಳೆಲ್ಲ ಈ ಪ್ರಶ್ನೆಗೆ ಗೊತ್ತಿದ್ದೋ ಗೊತ್ತಿಲ್ಲದೆಯೋ ಒಂದು ಉತ್ತರ ಕೊಡುತ್ತಿರುತ್ತವೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಸೀಮೆಯಲ್ಲಿ ಆ ಉತ್ತರಗಳನ್ನು ಪರೀಕ್ಷಿಸಲು ಬೇಕಾದಷ್ಟು ಸಂಗತಿಗಳಿವೆ.

ಕನ್ನಡದಲ್ಲಿ ಈ ವಿಚಾರವನ್ನು ಎಲ್ಲಕ್ಕಿಂತ ಆಳವಾಗಿ ಕೆದಕಿದ ಕೃತಿ ಜನ್ನನ ‘ಯಶೋಧರ ಚರಿತೆ’. ಅದರ ಕಾಲ ಸುಮಾರು 1209. ಕಥೆ ಶುರುವಾಗುವುದೇ ಒಂದು ಜಾತ್ರೆಯಲ್ಲಿ. ಚಂಡಮಾರಿಯ ಗುಡಿಯಲ್ಲಿ ಬಲಿಗೆ ಪ್ರಾಣಿಗಳನ್ನು ತಂದು ಕಟ್ಟಿದ್ದಾರೆ. ನರಬಲಿಗೆಂದು ದೊರೆ ಮಾರಿದತ್ತನ ತಳವಾರ ಅಭಯರುಚಿ, ಅಭಯಮತಿ ಎಂಬ ಎಳೆಯ ವಯಸ್ಸಿನ ಅಣ್ಣ ತಂಗಿಯನ್ನು ಹಿಡಿದು ತಂದಿದ್ದಾನೆ. ಹೆದರದೆ ನಿಂತ ಆ ಮಕ್ಕಳನ್ನು ಕಂಡು ದೊರೆಗೆ ಅಚ್ಚರಿಯಾಗುತ್ತದೆ, ನೀವು ಯಾರೆಂದು ಕೇಳುತ್ತಾನೆ. ಅಭಯರುಚಿ ತಮ್ಮ ಹಿಂದಿನ ಜನ್ಮಗಳನ್ನು ಹೇಳತೊಡಗುತ್ತಾನೆ. ಒಂದು ಜನ್ಮದಲ್ಲಿ ಅವನು ಯಶೋಧರನೆಂಬ ದೊರೆ, ತಂಗಿಯಾಗಿರುವವಳು ಆಗ ಅವನ ತಾಯಿ ಚಂದ್ರಮತಿ. ಕೆಟ್ಟ ಕನಸಿನ ಶಾಂತಿಗೆ ತಾಯಿ ಬಲಿ ಕೊಡಿಸಲು ಹೊರಟಾಗ ಜೀವ ತೆಗೆಯಲು ಒಲ್ಲದ ಮಗ ಹಿಟ್ಟಿನ ಹುಂಜವನ್ನು ಕಡಿಯಲು ಒಪ್ಪಿಕೊಂಡ. ಹುಂಜ ಹಿಟ್ಟಿನದಾದರೂ ಕಡಿಯುವ ಸಂಕಲ್ಪ ನಿಜದ್ದೇ ಆಗಿತ್ತು. ಅಷ್ಟಕ್ಕೇ ತಾಯಿ ಮಗ ಇಬ್ಬರೂ ಪ್ರಾಣಿಗಳಾಗಿ ಹುಟ್ಟಿ, ಒಬ್ಬರ ಕಣ್ಣೆದುರು ಒಬ್ಬರು ಸತ್ತು, ಜನ್ಮದಿಂದ ಜನ್ಮಕ್ಕೆ ಅಲೆಯಬೇಕಾಯಿತು. ಕಥೆ ಕೇಳಿದ ಮಾರಿದತ್ತ ಬಲಿಯನ್ನು ಬಿಟ್ಟುಬಿಡುತ್ತಾನೆ.

ವಿಮರ್ಶಕರು ಸಾಮಾನ್ಯವಾಗಿ ಒತ್ತಿ ಹೇಳುವುದು ಸಂಕಲ್ಪಹಿಂಸೆಯನ್ನು. ಕಾವ್ಯದ ಹೊರಗಿನ ಚೌಕಟ್ಟಿಗೂ ಅಷ್ಟೇ ಬೆಲೆ ಕೊಡಬೇಕು. ಇಲ್ಲಿ ಹಿಂಸೆಯನ್ನು ತಡೆದವರು ಕಾವಲಿನವರಲ್ಲ, ಹಿರಿಯರಲ್ಲ, ಹೊರಗಿನಿಂದ ಬಂದ ಬೋಧಕರೂ ಅಲ್ಲ. ಬಲಿಗೆಂದು ತಂದು ನಿಲ್ಲಿಸಿದ ಮಕ್ಕಳೇ, ಜಾತ್ರೆಯ ನಡುವೆ, ದೊರೆಯ ಕತ್ತಿಯ ಕೆಳಗೆ ನಿಂತು ಅದನ್ನು ತಡೆದರು. ಅವರು ಉಪದೇಶ ಮಾಡಲು ಹೋಗಲಿಲ್ಲ, ತಾವು ಮಾಡಿದ ತಪ್ಪನ್ನೂ ಉಂಡ ನೋವನ್ನೂ ಹೇಳಿಕೊಂಡರು. ಕೇಳುವ ಕಿವಿ ಸಿಕ್ಕಿದ್ದರಿಂದ ಅದು ಕೆಲಸ ಮಾಡಿತು. ಯುವಜನರಿಗಾಗಿ ನಡೆಯುವ ಯಾವುದೇ ಅಹಿಂಸೆಯ ಕಾರ್ಯಕ್ರಮವನ್ನು ಅಳೆಯಲು ಈ ದೃಶ್ಯಕ್ಕಿಂತ ಒಳ್ಳೆಯ ಅಳತೆಗೋಲು ಸಿಗುವುದು ಕಷ್ಟ: ಅಲ್ಲಿ ಹುಡುಗರು ಮಾತಾಡುತ್ತಾರೆಯೇ, ದೊಡ್ಡವರು ಕೇಳುತ್ತಾರೆಯೇ?

ಗುಡಿಗಳಲ್ಲಿ ಪ್ರಾಣಿಬಲಿಯನ್ನು ತಡೆಯುವ ಕಾನೂನು ರಾಜ್ಯದಲ್ಲಿ 1959ರಿಂದ ಇದೆ. ಕುರಿಯ ಬದಲು ಬೂದುಗುಂಬಳ ಒಡೆದು ಕುಂಕುಮ ಹಚ್ಚುವುದು ಅನೇಕ ಕಡೆ ರೂಢಿಯಾಗಿದೆ. ಜನ್ನ ಅಷ್ಟಕ್ಕೆ ಒಪ್ಪುತ್ತಿರಲಿಲ್ಲ, ಕತ್ತಿ ಹಿಡಿದವನ ಮನಸ್ಸು ಎತ್ತ ಇದೆಯೆಂದೇ ಅವನು ಕೇಳುತ್ತಿದ್ದ. ರಕ್ತ ಹರಿಯದೆಯೂ ಬಲಿ ನಡೆಯಬಹುದೆಂಬುದನ್ನು ಕೋಲಾರ ಸೀಮೆ ಹತ್ತಿರದಿಂದ ಕಂಡಿದೆ.

2022ರ ಸೆಪ್ಟೆಂಬರ್‌ನಲ್ಲಿ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ ಭೂತಮ್ಮನ ಉತ್ಸವ ನಡೆಯುತ್ತಿತ್ತು. ದೇವರನ್ನು ಹೊರಲು ಕಟ್ಟಿದ್ದ ಗುಜ್ಜುಕೋಲನ್ನು ಹತ್ತನೇ ತರಗತಿಯ ದಲಿತ ಹುಡುಗನೊಬ್ಬ ಮುಟ್ಟಿದ. ಮೆರವಣಿಗೆ ನೋಡುತ್ತ ನಿಂತ ಯಾವ ಹುಡುಗನ ಕೈಯಾದರೂ ಹೋಗುವ ಜಾಗ ಅದು. ಊರಿನ ಯಜಮಾನರು ಸೇರಿ, ದೇವರು ಮೈಲಿಗೆಯಾಯಿತು, ಶುದ್ಧಿಗೆ 60,000 ರೂಪಾಯಿ ದಂಡ ಕಟ್ಟಿ, ಇಲ್ಲವೇ ಊರು ಬಿಡಿ ಎಂದು ಆ ಮನೆಯವರಿಗೆ ತೀರ್ಪು ಕೊಟ್ಟರು. ಕೂಲಿಯಿಂದ ಬದುಕುವ ಸಂಸಾರಕ್ಕೆ ಅದು ಕಟ್ಟಲಾಗದ ಮೊತ್ತ. ವಿಷಯ ಹೊರಗೆ ಬಂದ ಮೇಲೆ ನಾಗರಿಕ ಹಕ್ಕು ಸಂರಕ್ಷಣಾ ಕಾಯ್ದೆಯಡಿ ಪ್ರಕರಣ ದಾಖಲಾಯಿತು, ಅಧಿಕಾರಿಗಳು ಊರಿಗೆ ಬಂದರು, ಸಂಘಟನೆಗಳವರು ಬಂದರು. ಹುಡುಗನ ತಾಯಿ ಮನೆಯಲ್ಲಿದ್ದ ದೇವರ ಪಟಗಳನ್ನು ತೆಗೆದು ಅಂಬೇಡ್ಕರ್ ಪಟ ಇಟ್ಟರು.

ಆ ಪಟದ ಬದಲಾವಣೆಯಲ್ಲಿ ಒಂದು ಧಾರ್ಮಿಕ ತೀರ್ಮಾನವಿದೆ. ಮುಟ್ಟಿದರೆ ಕೆಡುವ ದೇವರು ತನ್ನ ಮಗುವನ್ನು ಕಾಯಲಾರದೆಂದು ಆಕೆ ಕಂಡುಕೊಂಡರು. ದಂಡ ಹಾಕಿದವರಲ್ಲಿ ಯಾರಿಗೂ ತಾವು ಹಿಂಸೆ ಮಾಡುತ್ತಿದ್ದೇವೆ ಎನ್ನಿಸಿರಲಿಕ್ಕಿಲ್ಲ. ಕಟ್ಟಳೆ ಉಳಿಸುತ್ತಿದ್ದೇವೆ, ಊರಿಗೆ ಕೇಡಾಗದಂತೆ ನೋಡಿಕೊಳ್ಳುತ್ತಿದ್ದೇವೆ ಎಂದೇ ಅಂದುಕೊಂಡಿರುತ್ತಾರೆ. ಭಕ್ತಿಯ ಹೆಸರಿನಲ್ಲಿ ನಡೆಯುವ ಹಿಂಸೆಯ ಕಷ್ಟವೇ ಇದು, ಅದಕ್ಕೆ ತನ್ನ ಮುಖ ಕಾಣುವುದಿಲ್ಲ. ಹಾಗೆ ಕಾಣಿಸುವ ಕೆಲಸ ಜಾತ್ರೆ ಮುಗಿದು ಪೊಲೀಸರು ಬಂದ ಮೇಲೆ ಆಗುವುದಕ್ಕಿಂತ ಜಾತ್ರೆಗೆ ಮೊದಲೇ, ಯಾರ ಹೆಗಲಿಗೆ ಕೋಲು ಎಂದು ಊರು ಕೂತು ಮಾತಾಡುವಾಗಲೇ ಆಗಬೇಕಿತ್ತು.

ಯುವಕರ ಬಲವನ್ನು ಹಬ್ಬ ಹೇಗೆ ಪಳಗಿಸುತ್ತದೆ ಎಂಬುದಕ್ಕೆ ಈ ಸೀಮೆಯಲ್ಲೇ ಒಂದು ಹಳೆಯ ಮಾದರಿ ಇದೆ. ಮಾಲೂರು, ಕೋಲಾರದ ಕಡೆ ದ್ರೌಪದಮ್ಮನ ಕರಗ ದೊಡ್ಡ ಹಬ್ಬ. ಕರಗ ಹೊತ್ತವರ ಸುತ್ತ ವೀರಕುಮಾರರು ಬಿಚ್ಚುಗತ್ತಿ ಹಿಡಿದು ನಡೆಯುತ್ತಾರೆ. ಅದಕ್ಕೆ ಮುಂಚೆ ದೀಕ್ಷೆ, ಉಪವಾಸ, ನೇಮಗಳಿವೆ. ಅಲಗು ಸೇವೆಯಲ್ಲಿ ಕತ್ತಿಯ ಏಟು ಬೀಳುವುದು ತನ್ನ ಎದೆಗೇ, ಬೇರೆಯವನಿಗಲ್ಲ. ನೂರಾರು ಯುವಕರ ಕೈಯಲ್ಲಿ ಆಯುಧವಿದ್ದೂ ರಾತ್ರಿಯೆಲ್ಲ ನಡೆಯುವ ಮೆರವಣಿಗೆ ಅದು. ಇಲ್ಲಿ ಬಲವನ್ನು ಯಾರೂ ಅಲ್ಲಗಳೆಯುವುದಿಲ್ಲ, ಕಾಯುವ ಹೊಣೆಗೆ ಅದನ್ನು ಕಟ್ಟಿಹಾಕುತ್ತಾರೆ. ಬೆಂಗಳೂರಿನ ಕರಗ ಕಾಟನ್‌ಪೇಟೆಯ ಮಸ್ತಾನ್ ಸಾಬರ ದರ್ಗಾಕ್ಕೆ ಹೋಗಿ ಬರುವ ಪದ್ಧತಿಯನ್ನು ಸೇರಿಸಿ ನೋಡಿದರೆ, ನೆರೆಯವರ ಬಾಗಿಲಿಗೆ ಕತ್ತಿ ಹಿಡಿದು ಹೋಗಿಯೂ ಗೌರವ ಸಲ್ಲಿಸಿ ಬರುವ ಶಿಸ್ತು ಜನರಿಗೆ ಗೊತ್ತಿದೆ ಎಂದಾಯಿತು. ಆದರೂ ಇದು ಗಂಡುಮಕ್ಕಳ, ಅದರಲ್ಲೂ ಒಂದು ಕುಲದ ದೀಕ್ಷೆ. ಅದರ ಶಿಸ್ತನ್ನು ಮೆಚ್ಚಬಹುದು, ಊರಿನ ಎಲ್ಲರಿಗೂ ಅದೇ ಸಾಕೆನ್ನಲು ಬಾರದು.

ಈಗಿನ ಮೆರವಣಿಗೆಗಳಿಗೆ ಇಂಥ ದೀಕ್ಷೆಯೇನೂ ಇಲ್ಲ. ಗಣೇಶನ ಹಬ್ಬ, ಈದ್ ಮಿಲಾದ್ ಹತ್ತಿರ ಬಂದರೆ ಠಾಣೆಯಲ್ಲಿ ಶಾಂತಿ ಸಭೆ ಕರೆಯುತ್ತಾರೆ. ಎರಡೂ ಕಡೆಯ ಮುಖಂಡರು ಮುಂದಿನ ಕುರ್ಚಿಗಳಲ್ಲಿ ಕೂರುತ್ತಾರೆ, ಇನ್‌ಸ್ಪೆಕ್ಟರು ಮೆರವಣಿಗೆಯ ದಾರಿ, ಡಿಜೆ, ವಿಸರ್ಜನೆಯ ಹೊತ್ತು ಹೇಳುತ್ತಾರೆ, ಎಲ್ಲರೂ ಟೀ ಕುಡಿದು ಏಳುತ್ತಾರೆ. ನಾಳೆ ಡಿಜೆ ಮುಂದೆ ಕುಣಿಯುವ ಹುಡುಗರು ಆ ಸಭೆಯಲ್ಲಿ ಸಾಮಾನ್ಯವಾಗಿ ಇರುವುದೇ ಇಲ್ಲ. 2022ರ ಏಪ್ರಿಲ್‌ನಲ್ಲಿ ಮುಳಬಾಗಿಲಿನಲ್ಲಿ ಶ್ರೀರಾಮನ ಶೋಭಾಯಾತ್ರೆಯ ಮೇಲೆ ಕಲ್ಲು ತೂರಾಟವಾಯಿತು. ಆಂಜನೇಯನ ಗುಡಿ, ಶ್ರೀಪಾದರಾಜರ ನರಸಿಂಹತೀರ್ಥ, ಹೈದರ್ ವಲಿ ದರ್ಗಾ ಮೂರೂ ಇರುವ ಊರು ಅದು. ಪವಿತ್ರ ಸ್ಥಳಗಳು ಅಕ್ಕಪಕ್ಕದಲ್ಲಿದ್ದ ಮಾತ್ರಕ್ಕೆ ಜನ ಅಕ್ಕಪಕ್ಕದವರಾಗುವುದಿಲ್ಲ.

ಗಾಂಧೀಜಿ ಈ ತೊಡಕನ್ನು ಕಂಡಿದ್ದರು. 1938ರಲ್ಲಿ ‘ಹರಿಜನ’ ಪತ್ರಿಕೆಯಲ್ಲಿ ಗಲಭೆ ತಡೆಯುವ ಶಾಂತಿದಳದವರ ಅರ್ಹತೆಗಳನ್ನು ಬರೆಯುತ್ತ, ದಳದವರು ಆಯಾ ಊರಿನವರೇ ಆಗಿರಬೇಕು, ಗಲಭೆಗೆ ಮೊದಲೇ ಸೇವೆಯಿಂದ ಎಲ್ಲರ ಪರಿಚಯ ಗಳಿಸಿರಬೇಕು, ಎಲ್ಲ ಧರ್ಮಗಳನ್ನೂ ಸಮನಾಗಿ ಕಾಣಬೇಕು ಎಂದರು. ಅದೇ ವರ್ಷದ ಏಪ್ರಿಲ್ 25ರಂದು, ಆಗ ಕೋಲಾರ ಜಿಲ್ಲೆಗೆ ಸೇರಿದ್ದ ವಿದುರಾಶ್ವತ್ಥದಲ್ಲಿ ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿ ಹಲವರು ಸತ್ತಿದ್ದರು. ಸರ್ಕಾರದ ಎದುರು ಎದೆಯೊಡ್ಡುವ ಅಹಿಂಸೆಯನ್ನು ಈ ಜಿಲ್ಲೆ ಹಾಗೆ ಕಲಿಯಿತು. ನೆರೆಮನೆಯವನ ಜೊತೆಗಿನ ಅಹಿಂಸೆಗೆ ಬೇರೆ ತರಬೇತಿ ಬೇಕು, ಅದು ಒಂದು ದಿನದ ಧೈರ್ಯದಿಂದ ಆಗುವ ಕೆಲಸವಲ್ಲ.

ಗಾಂಧೀಜಿಯ ಶಾಂತಿದಳದ ಆಸೆಗೆ ರೂಪ ಸಿಕ್ಕಿದ್ದು ಕನ್ನಡದ ಗಡಿಯಲ್ಲೇ. 1957ರ ಆಗಸ್ಟ್‌ನಲ್ಲಿ, ಕೇರಳದ ಪಾದಯಾತ್ರೆ ಮುಗಿಸಿ ಕರ್ನಾಟಕಕ್ಕೆ ಕಾಲಿಡುವ ಮುನ್ನ, ವಿನೋಬಾ ಮಂಜೇಶ್ವರದಲ್ಲಿ ಶಾಂತಿಸೇನೆಯನ್ನು ಆರಂಭಿಸಿದರು. ಅದನ್ನು ಯುವಜನರ ಮಟ್ಟಕ್ಕೆ ಇಳಿಸಿದವರಲ್ಲಿ ಮುಖ್ಯರು 1929ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಎಸ್.ಎನ್. ಸುಬ್ಬರಾವ್. ಚಂಬಲ್ ಕಣಿವೆಯ ಜೌರಾದಲ್ಲಿ ಅವರು ಆಶ್ರಮ ಕಟ್ಟಿ ಯುವಕರ ಶಿಬಿರಗಳನ್ನು ನಡೆಸಿದರು. 1972ರ ಏಪ್ರಿಲ್‌ನಲ್ಲಿ ಜಯಪ್ರಕಾಶ ನಾರಾಯಣರ ಮುಂದೆ ಡಕಾಯಿತರು ಬಂದೂಕು ಕೆಳಗಿಟ್ಟದ್ದು ಅಲ್ಲಿಯೇ. 2021ರಲ್ಲಿ ತೀರಿಕೊಳ್ಳುವವರೆಗೂ ಅವರು ದೇಶದ ತುಂಬ ಶಿಬಿರ ಮಾಡಿದರು. ಆ ಶಿಬಿರಗಳಲ್ಲಿ ಭಾಷಣಕ್ಕಿಂತ ಶ್ರಮದಾನ, ಹಾಡು, ಸರ್ವಧರ್ಮ ಪ್ರಾರ್ಥನೆ ಹೆಚ್ಚು. ಬೇರೆ ಬೇರೆ ರಾಜ್ಯ, ಜಾತಿ, ಧರ್ಮದ ಹುಡುಗ ಹುಡುಗಿಯರು ಒಟ್ಟಿಗೆ ಗುದ್ದಲಿ ಹಿಡಿಯುತ್ತಿದ್ದರು, ಒಟ್ಟಿಗೆ ಉಣ್ಣುತ್ತಿದ್ದರು. ಕಾಲೇಜುಗಳ ರಾಷ್ಟ್ರೀಯ ಸೇವಾ ಯೋಜನೆ 1969ರಲ್ಲಿ ಗಾಂಧಿ ಶತಮಾನೋತ್ಸವದ ವೇಳೆ ಶುರುವಾಯಿತು, ಅದರ ಏಳು ದಿನದ ಹಳ್ಳಿ ಶಿಬಿರಗಳಲ್ಲೂ ಈ ಅವಕಾಶವಿದೆ. ಗುಡಿಯ ಮುಂದಿನ ಚರಂಡಿ ತೆಗೆದು, ಗಿಡ ನೆಟ್ಟು, ಫೋಟೊ ತೆಗೆಸಿಕೊಂಡು ಬರುವುದಕ್ಕೆ ಅದು ಮುಗಿದರೆ ನಷ್ಟ. ಶಿಬಿರದ ಅಡುಗೆ ಯಾವ ಕೇರಿಯಲ್ಲಿ ಆಗುತ್ತದೆ, ಯಾರು ಬಡಿಸುತ್ತಾರೆ, ಊರಿನವರಲ್ಲಿ ಯಾರು ಬಂದು ಉಣ್ಣುತ್ತಾರೆ ಎಂಬಲ್ಲೇ ಅದರ ತಿರುಳಿದೆ.

ಅಹಿಂಸೆಗೆ ದೇವರ ನಂಬಿಕೆ ಬೇಕೇ ಎಂಬಲ್ಲಿ ದಾರಿ ಕವಲೊಡೆಯುತ್ತದೆ. ಶಾಂತಿದಳದವನಿಗೆ ದೇವರಲ್ಲಿ ಜೀವಂತ ನಂಬಿಕೆ ಇರಲೇಬೇಕೆಂದು ಗಾಂಧೀಜಿ ಪಟ್ಟು ಹಿಡಿದರು. ಆ ನಂಬಿಕೆಯಿಲ್ಲದೆ ಕೋಪವಿಲ್ಲದೆ ಸಾಯುವ ಧೈರ್ಯ ಬರುವುದಿಲ್ಲ ಎಂಬುದು ಅವರ ವಾದ. ಅಂಬೇಡ್ಕರ್ ತಮ್ಮ ಕೊನೆಯ ಕೃತಿ ‘ಬುದ್ಧ ಮತ್ತು ಅವನ ಧಮ್ಮ’ದಲ್ಲಿ ಬೇರೆ ಹಾದಿ ಹಿಡಿದರು. ಬುದ್ಧ ಅಹಿಂಸೆಯನ್ನು ಕುರುಡು ನಿಯಮವಾಗಿ ಹೇರಲಿಲ್ಲ, ವಿವೇಕಕ್ಕೆ ಎಡೆಯಿರುವ ತತ್ವವಾಗಿ ಕೊಟ್ಟ, ಅದರ ಬೇರು ಮೈತ್ರಿಯಲ್ಲಿದೆ ಎಂದು ಅವರು ಓದಿದರು. ಉಳ್ಳೇರಹಳ್ಳಿಯನ್ನು ಕಂಡ ಮೇಲೆ ಎರಡನೆಯ ಮಾತಿಗೇ ತೂಕ ಹೆಚ್ಚು. ನಂಬಿಕೆ ಅಲ್ಲಿ ಕಡಿಮೆಯೇನೂ ಇರಲಿಲ್ಲ, ಇಲ್ಲದೆ ಹೋದದ್ದು ಮೈತ್ರಿ.

ಕೋಲಾರದ ಅಂತರಗಂಗೆಯ ಮೇಲಿನ ತೇರಹಳ್ಳಿ ಬೆಟ್ಟದಲ್ಲಿ ಕೋಟಿಗಾನಹಳ್ಳಿ ರಾಮಯ್ಯ ಮತ್ತು ಗೆಳೆಯರು ಕಟ್ಟಿದ ಆದಿಮ ಸಾಂಸ್ಕೃತಿಕ ಕೇಂದ್ರ ಈ ಮೈತ್ರಿಗೆ ಒಂದು ಹಬ್ಬವನ್ನೇ ಹುಟ್ಟಿಸಿತು. ದಿನಕ್ಕೊಂದು ರೂಪಾಯಿ ಕೂಡಿಡುತ್ತ ಶುರುವಾದ ಕೂಟ ಅದು. ಹುಣ್ಣಿಮೆಯ ರಾತ್ರಿ ‘ಹುಣ್ಣಿಮೆ ಹಾಡು’ ನಡೆಯುತ್ತದೆ. ಸುತ್ತಲ ಊರುಗಳಿಂದ ಜನ ಬೆಟ್ಟ ಹತ್ತಿ ಬಂದು ಬಯಲಲ್ಲಿ ಕೂರುತ್ತಾರೆ, ತಮಟೆ, ಹಾಡು ಕೇಳುತ್ತಾರೆ, ನಾಟಕ ನೋಡುತ್ತಾರೆ. ಮಕ್ಕಳಿಗೆ ರಂಗಶಿಬಿರಗಳೂ ನಡೆದಿವೆ. ಸಾವಿನ ಮನೆಯ ಮುಂದೆ, ಮೆರವಣಿಗೆಯ ತುದಿಯಲ್ಲಿ ಬಡಿಯಬೇಕಾಗಿದ್ದ ತಮಟೆ ಇಲ್ಲಿ ನಡುವೆ ಬಂದು ನಿಂತಿತು. ಹಿಂಸೆ ಬೇಡ ಎಂಬ ಫಲಕ ಇಲ್ಲಿ ಬೇಕಾಗುವುದಿಲ್ಲ. ಯಾವ ಕೈ ಮುಟ್ಟಿದರೂ ಮೈಲಿಗೆಯಾಗದ ಜಾತ್ರೆಯೊಂದನ್ನು ಹುಡುಗರು ಕಣ್ಣಾರೆ ಕಂಡರೆ, ತಮ್ಮೂರ ಜಾತ್ರೆಯನ್ನು ಬೇರೆ ಕಣ್ಣಿನಿಂದ ನೋಡತೊಡಗುತ್ತಾರೆ.

ಇಂಥ ಕೂಟಗಳ ಮೇಲೆ ಬರುವ ಗಟ್ಟಿ ಆಕ್ಷೇಪವೆಂದರೆ, ಶಾಂತಿಯ ಹೆಸರಿನಲ್ಲಿ ಅವು ನ್ಯಾಯದ ಬಾಯಿ ಕಟ್ಟುತ್ತವೆ ಎಂಬುದು. ಹಳ್ಳಿಗಳಲ್ಲಿ ರಾಜಿ ಪಂಚಾಯ್ತಿ ಆಗುವುದು ಹೀಗೆಯೇ. ಪೆಟ್ಟು ತಿಂದವನನ್ನು ಕೂರಿಸಿ, ನಾಳೆಯೂ ಇದೇ ಊರಲ್ಲಿ ಬಾಳಬೇಕಲ್ಲಪ್ಪ ಎಂದು ದೂರು ವಾಪಸು ತೆಗೆಸುತ್ತಾರೆ. ಈ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. 2000ದ ಮಾರ್ಚ್ 11ರಂದು, ಆಗ ಕೋಲಾರ ಜಿಲ್ಲೆಯಲ್ಲಿದ್ದ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಮನೆಯೊಳಗೆ ಕೂಡಿ ಸುಟ್ಟರು. ವಿಚಾರಣೆಯಲ್ಲಿ ಸಾಕ್ಷಿಗಳು ಒಬ್ಬೊಬ್ಬರಾಗಿ ತಿರುಗಿ ಬಿದ್ದರು. 2006ರಲ್ಲಿ ಆರೋಪಿಗಳು ಖುಲಾಸೆಯಾದರು, 2014ರಲ್ಲಿ ಹೈಕೋರ್ಟ್ ಅದನ್ನೇ ಎತ್ತಿ ಹಿಡಿಯಿತು. ಅಷ್ಟು ಜನರ ಎದುರು ಹೊತ್ತಿದ ಬೆಂಕಿಯನ್ನು ಕಂಡೆನೆಂದು ಕೊನೆಯವರೆಗೆ ಹೇಳುವವರು ಉಳಿಯಲಿಲ್ಲ.

ಸತ್ಯವಿಲ್ಲದ ಅಹಿಂಸೆ ಎಂದರೆ ಏನೆಂಬುದನ್ನು ಯಾವ ಗ್ರಂಥವೂ ಕಂಬಾಲಪಲ್ಲಿಯಷ್ಟು ಕಠೋರವಾಗಿ ಹೇಳಲಾರದು. ಸಾಕ್ಷಿ ಹೇಳಿದವನು ನಾಳೆ ಅದೇ ಬೀದಿಯಲ್ಲಿ ನಡೆಯಬೇಕು, ಅದೇ ಬಾವಿಯಿಂದ ನೀರು ತರಬೇಕು, ಅದೇ ಹೊಲದಲ್ಲಿ ಕೂಲಿ ಕೇಳಬೇಕು. ಅವನ ಜೊತೆ ನಡೆಯುವವರು ಬೇಕು. 1970ರ ದಶಕದ ಕೊನೆಯಲ್ಲಿ ಮಾಲೂರು ತಾಲ್ಲೂಕಿನ ಹುಣಸಿಕೋಟೆಯಲ್ಲಿ ದಲಿತರೊಬ್ಬರ ಕೊಲೆಯಾಗಿ, ಅವರ ಕುಟುಂಬದ ಮೇಲೆ ಘೋರ ದೌರ್ಜನ್ಯ ನಡೆದಾಗ, ದಲಿತ ಸಂಘರ್ಷ ಸಮಿತಿಯ ಯುವಕರು ಅಲ್ಲಿಂದ ಬೆಂಗಳೂರಿಗೆ ಪಾದಯಾತ್ರೆ ಹೊರಟರು. ಲೇಖಕರೂ ವಿದ್ಯಾರ್ಥಿಗಳೂ ಸೇರಿಕೊಂಡರು. ದಾರಿಯುದ್ದಕ್ಕೂ ಹೋರಾಟದ ಹಾಡು ಹೇಳುತ್ತ, ನಡೆದದ್ದನ್ನು ಊರೂರಿಗೆ ತಿಳಿಸುತ್ತ ಹೋದ ಆ ನಡಿಗೆಯಲ್ಲಿ ಯಾರ ಮೇಲೂ ಕೈ ಮಾಡದ ಸಂಯಮವಿತ್ತು, ಆದದ್ದನ್ನು ಮುಚ್ಚಿಡದ ಸತ್ಯವೂ ಇತ್ತು. ಶಿಬಿರದಲ್ಲಿ ಒಟ್ಟಿಗೆ ಉಂಡವರು, ಬೆಟ್ಟದ ಮೇಲೆ ಒಟ್ಟಿಗೆ ಹಾಡಿದವರು ಕೋರ್ಟಿನ ದಿನ ಸಾಕ್ಷಿಯ ಜೊತೆ ಬಸ್ಸು ಹತ್ತುವವರೆಗೂ ಬಂದರೆ ರಾಜಿಯ ಒತ್ತಡ ಸಡಿಲುತ್ತದೆ. ಊರೊಟ್ಟಿನ ಅಹಿಂಸೆಯ ಕೆಲಸ ಅಲ್ಲಿಯವರೆಗೂ ಚಾಚಿಕೊಂಡಿದೆ.