ಕಲಿತದ್ದು ಯಾರ ಸೊತ್ತು?

ವಿದ್ಯೆಯನ್ನು ಕಳ್ಳ ಕದಿಯಲಾರ, ದಾಯಾದಿಗಳು ಪಾಲು ಕೇಳಲಾರರು, ಕೊಟ್ಟಷ್ಟೂ ಅದು ಬೆಳೆಯುತ್ತದೆ ಎಂದು ನಾವೆಲ್ಲ ಶಾಲೆಯಲ್ಲಿ ಕಲಿತವರೇ. ಮುಂಬಯಿಯ ಬ್ಯಾಂಕ್ ಶಾಖೆಗಳಲ್ಲಿ ಮೂರು ದಶಕಕ್ಕೂ ಹೆಚ್ಚು ಕಾಲ ಕೂತೆದ್ದ ಮೇಲೆ, ಈ ಮಾತು ಕಚೇರಿಗೂ ಒಪ್ಪುತ್ತದೆಯೇ ಎಂಬ ಅನುಮಾನ ನನಗೆ. ಎಂ.ಕಾಂ. ತರಗತಿಯಲ್ಲಿ ಹೇಳಿಕೊಟ್ಟದ್ದು ಬೇರೆ: ವಸ್ತು ವಿರಳವಾದಷ್ಟೂ ಅದರ ಬೆಲೆ ಹೆಚ್ಚು. ಒಬ್ಬನಿಗೇ ಗೊತ್ತಿರುವ ಕೆಲಸ ಹತ್ತು ಜನಕ್ಕೆ ಗೊತ್ತಾದ ದಿನ ಅವನ ಕುರ್ಚಿಯ ಬೆಲೆ ಇಳಿಯುತ್ತದೆ. ಇದು ಅವನಿಗೂ ಗೊತ್ತು.

ಒಂದು ಉದಾಹರಣೆ ಕೊಡುತ್ತೇನೆ. ಕಂಪ್ಯೂಟರ್ ಬರುವ ಮೊದಲು ಲೆಡ್ಜರುಗಳನ್ನು ಕೈಯಲ್ಲೇ ಬ್ಯಾಲೆನ್ಸ್ ಮಾಡಬೇಕಿತ್ತು. ಲೆಕ್ಕ ಕೂಡದಿದ್ದರೆ ರಾತ್ರಿ ಕೊನೆಯ ಲೋಕಲ್ ರೈಲಿನವರೆಗೂ ಹುಡುಕಾಟ. ವ್ಯತ್ಯಾಸದ ಮೊತ್ತ 9ರಿಂದ ಭಾಗವಾದರೆ ಅಂಕಿಗಳು ಅದಲುಬದಲಾಗಿರುವ ಸಂಭವ ಹೆಚ್ಚು. 5,400 ಬರೆಯುವಲ್ಲಿ 4,500 ಬರೆದರೆ ವ್ಯತ್ಯಾಸ 900. ಖರ್ಚಿನ ಕಡೆ ಹಾಕಬೇಕಾದದ್ದನ್ನು ಜಮಾ ಕಡೆ ಹಾಕಿದ್ದರೆ ವ್ಯತ್ಯಾಸ ಆ ಮೊತ್ತದ ಎರಡರಷ್ಟು, ಆದ್ದರಿಂದ ಅರ್ಧ ಮಾಡಿ ಹುಡುಕಬೇಕು. ಎರಡು ನಿಮಿಷದಲ್ಲಿ ಹೇಳಿಮುಗಿಸಬಹುದಾದ ಈ ಉಪಾಯವನ್ನು ವರ್ಷಗಟ್ಟಲೆ ಹೇಳದೆ, ಹುಡುಗರು ಬೆವರು ಸುರಿಸುವುದನ್ನು ನೋಡುತ್ತ ಕೂತ ಹೆಡ್ ಕ್ಲರ್ಕುಗಳನ್ನು ನಾನು ಬಲ್ಲೆ. ಕೊನೆಗೆ ಅವರು ಎದ್ದು ಬಂದು, ಕನ್ನಡಕ ಸರಿಮಾಡಿಕೊಂಡು, ತಪ್ಪಿನ ಮೇಲೆ ಬೆರಳಿಡುತ್ತಿದ್ದರು. ಆ ಗತ್ತೇ ಬೇರೆ ಬಿಡಿ.

ಇವರೆಲ್ಲ ಜಿಪುಣರು, ಸಣ್ಣ ಮನಸ್ಸಿನವರು ಎನ್ನೋಣವೇ? ಹಾಗೆನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಮುಂಬಯಿಯಲ್ಲಿ ಕನ್ನಡ ರಾತ್ರಿ ಶಾಲೆಗಳಿದ್ದವು ಎಂಬುದನ್ನು ಊರಿನ ಓದುಗರು ಕೇಳಿರಬಹುದು. ಹಗಲಿಡೀ ಉಡುಪಿ ಹೋಟೆಲುಗಳಲ್ಲಿ ಲೋಟ ತೊಳೆದ ಹುಡುಗರು ಸಂಜೆ ಅಲ್ಲಿಗೆ ಬಂದು ಎಸ್ಸೆಸ್ಸೆಲ್ಸಿ ಕಟ್ಟುತ್ತಿದ್ದರು. ಪಾಠ ಹೇಳುತ್ತಿದ್ದವರಲ್ಲಿ ಆಫೀಸು ಮುಗಿಸಿ ಬಂದ ಬ್ಯಾಂಕ್ ನೌಕರರೂ ಇದ್ದರು. ಅಲ್ಲಿ ಬೀಜಗಣಿತವನ್ನು ಹತ್ತು ಸಲ ಬೇಸರವಿಲ್ಲದೆ ಬಿಡಿಸಿ ಹೇಳುವ ಮನುಷ್ಯನೇ ಹಗಲು ಹೊತ್ತು ಪಕ್ಕದ ಕೌಂಟರಿನವನಿಗೆ ಒಂದು ವೋಚರಿನ ಗುಟ್ಟು ಬಿಡುತ್ತಿರಲಿಲ್ಲ. ಹೋಟೆಲಿನ ಹುಡುಗ ನಾಳೆ ಬಂದು ಅವನ ಕುರ್ಚಿಯಲ್ಲಿ ಕೂರುವವನಲ್ಲ, ಪಕ್ಕದವನು ಕೂರಬಹುದು. ದಾನ ಕೊಡಲು ಕಷ್ಟವಿಲ್ಲ, ಪಾಲು ಕೊಡಲು ಕಷ್ಟ.

ಪರಊರಿನಲ್ಲಿ ಈ ಭಯ ಇನ್ನೂ ಹೆಚ್ಚು. ಊರಿನಲ್ಲಾದರೆ ಜಮೀನು, ಅಣ್ಣತಮ್ಮಂದಿರು, ಪರಿಚಯದವರು ಅಂತ ಏನಾದರೂ ಆಸರೆ ಇರುತ್ತದೆ. ಡೊಂಬಿವಿಲಿಯ ಎರಡು ಕೋಣೆಯ ಮನೆಗೆ ಕಂತು ಕಟ್ಟುವವನಿಗೆ ಅವನ ಕಸುಬೇ ಬಂಡವಾಳ.

ನಮ್ಮ ಶಾಖೆಯಲ್ಲಿ ಸಾಖಪತ್ರಗಳ ವಿಭಾಗ, ಅಂದರೆ ಎಲ್.ಸಿ. ವಿಭಾಗ ನೋಡುತ್ತಿದ್ದ ಅಧಿಕಾರಿಯೊಬ್ಬರಿದ್ದರು, ಕುಂದಾಪುರ ಕಡೆಯವರು. ರಫ್ತಿನ ದಾಖಲೆಯಲ್ಲಿ ಸರಕಿನ ವಿವರಣೆ ಎಲ್.ಸಿ.ಯಲ್ಲಿ ಇದ್ದ ಹಾಗೆ ಇಲ್ಲದಿದ್ದರೆ ವಿದೇಶದ ಬ್ಯಾಂಕು ಹಣ ತಡೆಯುತ್ತದೆ. ಯಾವ ದೇಶದ ಬ್ಯಾಂಕು ಯಾವುದಕ್ಕೆ ತಕರಾರು ತೆಗೆಯುತ್ತದೆ ಎಂಬುದೆಲ್ಲ ಅವರ ಉದ್ದನೆಯ ನೋಟ್‌ಪುಸ್ತಕದಲ್ಲಿತ್ತು. ಪುಸ್ತಕ ಡ್ರಾಯರಿನಲ್ಲಿ, ಬೀಗದ ಕೈ ಅವರ ಜೇಬಿನಲ್ಲಿ. ಅವರು ರಜೆ ಹಾಕಿದರೆ ಬಿಲ್ಲುಗಳು ರಾಶಿ ಬೀಳುತ್ತಿದ್ದವು. ಪಕ್ಕದ ಮೇಜಿನ ಮರಾಠಿ ಮಹಿಳೆಯೊಬ್ಬರು ಆ ಕೆಲಸ ಕಲಿಯಲು ಆಸೆಪಟ್ಟು, ಕೇಳಿ ಕೇಳಿ ಸುಮ್ಮನಾದರು. ಪ್ರಮೋಷನ್ ಸಂದರ್ಶನದಲ್ಲಿ ಅದರ ಬಗ್ಗೆಯೇ ಪ್ರಶ್ನೆ ಬಂತಂತೆ. ಆ ಸಲ ಅವರಿಗೆ ಪ್ರಮೋಷನ್ ಸಿಗಲಿಲ್ಲ.

ಒಮ್ಮೆ ಚಹಾ ಕುಡಿಯುವಾಗ ಆ ಅಧಿಕಾರಿಯನ್ನು ನೇರವಾಗಿಯೇ ಕೇಳಿದೆ. "ಹೇಳಿಕೊಡೋದು ದೊಡ್ಡ ವಿಷಯ ಅಲ್ಲ ಮಾರಾಯ್ರೆ. ಇವತ್ತು ಹೇಳಿಕೊಟ್ಟೆ ಅಂತ ಇಟ್ಕೊಳ್ಳಿ, ಏಪ್ರಿಲ್‌ನಲ್ಲಿ ನನಗೆ ಸಿಲಿಗುರಿಗೆ ಆರ್ಡರ್ ಬರ್ತದೆ. ಮಗಳ ಹತ್ತನೇ ಕ್ಲಾಸು ಯಾರು ನೋಡ್ಕೊಳ್ಳೋದು?" ಅಂದರು. ಅವರಿಲ್ಲದೆ ವಿಭಾಗ ನಡೆಯದು ಎಂಬ ಕಾರಣಕ್ಕೇ ಎರಡು ಸಲ ಅವರ ವರ್ಗ ನಿಂತಿತ್ತು. ಉತ್ತರ ಕೊಡಲು ನನ್ನಿಂದ ಆಗಲಿಲ್ಲ.

ಅವರ ಕಷ್ಟ ನಿಜ. ಆದರೂ ಆ ಪುಸ್ತಕ ಅವರೊಬ್ಬರ ಸೊತ್ತು ಎಂದು ನಾನು ಒಪ್ಪಲಾರೆ. ಅದರ ಪ್ರತಿ ಪುಟದ ಹಿಂದೆ ತಿರಸ್ಕಾರಗೊಂಡ ಒಂದು ಬಿಲ್ಲಿದೆ, ನಷ್ಟ ತಿಂದ ಒಬ್ಬ ಗ್ರಾಹಕನಿದ್ದಾನೆ. ಕಲಿಕೆಯ ಖರ್ಚು ಬೇರೆಯವರದು, ಲಾಭ ಮಾತ್ರ ತನ್ನದು ಅಂದರೆ ಆ ಲೆಕ್ಕ ಕೂಡುವುದಿಲ್ಲ. ಗ್ರಾಹಕರ ಮನೆಯ ಗುಟ್ಟುಗಳ ಮಾತು ಬೇರೆ, ಅವನ್ನು ಹಂಚಬಾರದು. ವಿಚಿತ್ರವೆಂದರೆ ಹಂಚಬಾರದ್ದನ್ನು ನಮ್ಮವರು ಧಾರಾಳವಾಗಿ ಹಂಚುತ್ತಿದ್ದರು. ಕಂಪ್ಯೂಟರ್ ಬಂದ ಹೊಸದರಲ್ಲಿ ಪಾಸ್‌ವರ್ಡನ್ನು ಕೌಂಟರಿನಿಂದ ಕೌಂಟರಿಗೆ ಕೂಗಿ ಹೇಳುತ್ತಿದ್ದ ಶಾಖೆಯಲ್ಲೇ ಕೆಲಸದ ಗುಟ್ಟಿಗೆ ಬೀಗ.

ಜ್ಞಾನ ಹಂಚಿಕೊಳ್ಳಿ ಎಂದು ಮೇಲಿನಿಂದ ಸುತ್ತೋಲೆಗಳು ಬರುತ್ತಿದ್ದವು. ಸಿ.ಎ.ಐ.ಐ.ಬಿ. ಪಾಸು ಮಾಡಿದವನಿಗೆ ಇಂಕ್ರಿಮೆಂಟ್ ಇತ್ತು, ಇನ್ನೊಬ್ಬನಿಗೆ ಹೇಳಿಕೊಟ್ಟು ಪಾಸು ಮಾಡಿಸಿದವನಿಗೆ ಏನೂ ಇರಲಿಲ್ಲ. 2000-01ರ ಸ್ವಯಂನಿವೃತ್ತಿ ಯೋಜನೆಯಲ್ಲಿ ಸರ್ಕಾರಿ ಬ್ಯಾಂಕುಗಳಿಂದ ಸುಮಾರು ಒಂದು ಲಕ್ಷ ಜನ ಹೊರಟರಲ್ಲ, ನಾನು ಕಂಡ ಶಾಖೆಗಳಲ್ಲಿ ಅವರ ಬೀರುವಿನ ಕೈಗಳನ್ನು ಎಣಿಸಿ ತೆಗೆದುಕೊಂಡರು. ತಲೆಯಲ್ಲಿದ್ದದ್ದನ್ನು ಯಾರೂ ಕೇಳಲಿಲ್ಲ. ಈಗ ಸೂಕ್ಷ್ಮ ಹುದ್ದೆಯಲ್ಲಿರುವವರು ವರ್ಷಕ್ಕೊಮ್ಮೆ, ಮುನ್ಸೂಚನೆಯಿಲ್ಲದೆ, ಒಟ್ಟಿಗೆ ಕನಿಷ್ಠ 10 ಕೆಲಸದ ದಿನ ರಜೆಯ ಮೇಲೆ ಹೋಗಬೇಕೆಂದು ರಿಸರ್ವ್ ಬ್ಯಾಂಕ್ 2021ರಲ್ಲಿ ಹೇಳಿದೆ. ಉದ್ದೇಶ ವಂಚನೆ ಹಿಡಿಯುವುದು. ಆದರೆ ಆ ಹತ್ತು ದಿನ ಕೆಲಸ ನಡೆಯಬೇಕಾದರೆ ಇನ್ನೊಬ್ಬರಿಗೂ ಅದು ಬರಲೇಬೇಕು. ಸುತ್ತೋಲೆಗಳು ಮಾಡದ್ದನ್ನು ಕಡ್ಡಾಯ ರಜೆ ಮಾಡೀತು.

ನಮ್ಮ ಕನ್ನಡಿಗರ ಬಗ್ಗೆಯೂ ಒಂದು ಮಾತು. ಊಟದ ಡಬ್ಬಿ ಬಿಚ್ಚಿದಾಗ ನಾವು ನಾಲ್ಕು ಜನ ಕನ್ನಡದಲ್ಲಿ ಎಷ್ಟೋ ಕೆಲಸದ ವಿಷಯ ಮಾತಾಡುತ್ತಿದ್ದೆವು. ಪರಊರಿನಲ್ಲಿ ಅದೊಂದು ಸುಖ. ಆದರೆ ಅದೇ ಮೇಜಿನ ತುದಿಯಲ್ಲಿ ಕೂತ ಗುಜರಾತಿ ಹುಡುಗನ ಪಾಲಿಗೆ ಅದೂ ಬೀಗ ಹಾಕಿದ ಡ್ರಾಯರೇ ಅಲ್ಲವೇ? ಬೇರೆ ಕಡೆ ಮರಾಠಿಯವರು, ತಮಿಳರು ಹಾಗೇ ಕೂತಿರುತ್ತಾರೆ, ನಿಜ. ಅದರಿಂದ ನಮ್ಮದು ಸರಿಯಾಗುವುದಿಲ್ಲ.

ಮುಂದೆ ಆ ಶಾಖೆಗೆ ಬಂದ ಮ್ಯಾನೇಜರು ತಮಿಳರು, ಮಾತು ಕಡಿಮೆ. ಎಲ್.ಸಿ. ಅಧಿಕಾರಿಗೆ ಅವರು ಪುಸ್ತಕ ತೆಗೆಯಿರಿ ಅನ್ನಲಿಲ್ಲ. ಮೊದಲು ವಲಯ ಕಚೇರಿಗೆ ಹೋಗಿ ಬಂದರು. ಮಗಳ ಪರೀಕ್ಷೆ ಮುಗಿಯುವವರೆಗೆ ಇವರನ್ನು ಕದಲಿಸಬಾರದು ಎಂದು ಕಾಗದದ ಮೇಲೆ ಬರೆಸಿಕೊಂಡು ಬಂದರು. ಆ ಕಾಗದ ತೋರಿಸಿದ ಮೇಲೆಯೇ, ಶನಿವಾರ ಮಧ್ಯಾಹ್ನ ಅರ್ಧ ಗಂಟೆ ಎಲ್ಲರಿಗೂ ಏನಾದರೂ ಹೇಳಿ ಅಂತ ಕೇಳಿದರು. ತಾವೇ ಮುಂದಿನ ಸಾಲಿನಲ್ಲಿ ಕೂತು ದಡ್ಡ ಪ್ರಶ್ನೆಗಳನ್ನು ಕೇಳುತ್ತಿದ್ದರು. ನಮ್ಮ ಅಧಿಕಾರಿ ಹೇಳಿಕೊಟ್ಟರು, ಆದರೆ ಬಾಯಲ್ಲಿ. ಪುಸ್ತಕ ಡ್ರಾಯರಿನಲ್ಲೇ ಇತ್ತು.

2007ರ ಜುಲೈ 1ರಿಂದ ಎಲ್.ಸಿ.ಗಳ ಅಂತಾರಾಷ್ಟ್ರೀಯ ನಿಯಮಾವಳಿಯೇ ಬದಲಾಯಿತು. 49 ಕಲಮುಗಳಿದ್ದದ್ದು 39 ಆಯಿತು. ದಾಖಲೆ ಪರಿಶೀಲಿಸಲು ಬ್ಯಾಂಕಿಗೆ ಇದ್ದ ಗರಿಷ್ಠ 7 ದಿನ 5ಕ್ಕೆ ಇಳಿಯಿತು. ತರಬೇತಿಗೆ ನಮ್ಮಲ್ಲಿಂದ ಹೋದವರು ಆ ಮರಾಠಿ ಮಹಿಳೆ. ಬಂದ ಮೇಲೆ ಇವರು ಅವರ ಮೇಜಿನ ಬಳಿ ಕುರ್ಚಿ ಎಳೆದುಕೊಂಡು ಕೂತರು. ಅವರು ಏನೂ ಮುಚ್ಚಿಡಲಿಲ್ಲ. "ನಿಮ್ಮ ಹಳೇ ಪುಸ್ತಕ ತನ್ನಿ ಸರ್, ಯಾವುದು ಉಳೀತು, ಯಾವುದು ಹೋಯ್ತು ಒಟ್ಟಿಗೇ ನೋಡೋಣ" ಎಂದು ಹಿಂದಿಯಲ್ಲಿ ಅಂದರು. ನಾಲ್ಕೈದು ಸಂಜೆ ಇಬ್ಬರೂ ಕೂತು ಪುಟ ಪುಟವಾಗಿ ಹೊಡೆದು ಹಾಕಿ, ಹೊಸದು ಬರೆದರು.

ಮರುವರ್ಷ ಅವರಿಗೆ ವರ್ಗದ ಆರ್ಡರ್ ಬಂದೇ ಬಂತು. ಸಿಲಿಗುರಿಗಲ್ಲ, ನಾಗಪುರಕ್ಕೆ. ಮಗಳು ಆಗ ಕಾಲೇಜಿಗೆ ಹೋಗುತ್ತಿದ್ದಳು.