ಬೇರಿನ ದಾಸೋಹ

ಎಳ್ಳ ಅಮವಾಸ್ಯೆಯ ದಿನ ಹೊಲಕ್ಕೆ ಹೋದ ನಾವು ಮೊದಲು ಉಣ್ಣುವುದಿಲ್ಲ, ಚರಗ ಚೆಲ್ಲುತ್ತೇವೆ. ಸಜ್ಜೆ ರೊಟ್ಟಿ, ಭಜ್ಜಿಪಲ್ಯ, ಕಡುಬು ಎಲ್ಲವೂ ನಮ್ಮ ಬಾಯಿಗಿಂತ ಮುಂಚೆ ಮಣ್ಣಿನ ಬಾಯಿಗೆ. ಆಳಂದ, ಅಫಜಲಪುರದಿಂದ ಹಿಡಿದು ಭೀಮೆಯ ಆಚೆ ದಂಡೆಯ ಜೇವರ್ಗಿಯವರೆಗೆ ಆ ಹೊತ್ತಿಗೆ ಎರೆಹೊಲದಲ್ಲಿ ತೊಗರಿ ಕಾಯಿ ಕಟ್ಟಿ ನಿಂತಿರುತ್ತದೆ. ಮಣ್ಣಿಗೆ ಉಣಿಸುವುದು ನಮಗೆ ವರ್ಷಕ್ಕೊಮ್ಮೆಯ ಹಬ್ಬ. ತೊಗರಿಗೆ ಅದೇ ನಿತ್ಯದ ಕಸುಬೇ?

ಶ್ರಾವಣದ ಹಸಿಯಲ್ಲಿ ಒಂದು ಗಿಡವನ್ನು ಬೇರು ಹರಿಯದಂತೆ ಅಗೆದು ತೆಗೆಯಿರಿ. ಎಳೆ ಬೇರಿನ ಮೇಲೆ ಸಾಸಿವೆ ಕಾಳಿನಂಥ ಗಂಟುಗಳು. ಒಂದನ್ನು ಉಗುರಿನಿಂದ ಸೀಳಿದರೆ ಒಳಗೆ ನಸುಗೆಂಪು. ಆ ಕೆಂಪು ನಮ್ಮ ನೆತ್ತರಿನ ಹಿಮೋಗ್ಲೋಬಿನ್ನಿನ ದಾಯಾದಿ. ಗಂಟಿನೊಳಗೆ ಮನೆ ಮಾಡಿದ ಸೂಕ್ಷ್ಮಜೀವಿ ಗಾಳಿಯ ಸಾರಜನಕವನ್ನು ಹಿಡಿದು ಕೊಡುತ್ತದೆ, ಗಿಡ ಅದಕ್ಕೆ ಸಕ್ಕರೆ ಕೊಡುತ್ತದೆ. ಕೆಂಪಿದ್ದರೆ ಕೊಡು-ಕೊಳ್ಳುವಿಕೆ ನಡೆದಿದೆ, ಬೂದಾಗಿದ್ದರೆ ನಿಂತಿದೆ.

ಇದು ನಮಗೆ ಹಳೆಯ ಮಾತು. ಹೊಸ ಮಾತು ಇರುವುದು ಇನ್ನೂ ಆಳದಲ್ಲಿ. ಸ್ವಿಟ್ಜರ್ಲೆಂಡಿನ ಬಾಸೆಲ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ನಮ್ಮ ದೇಶದವರ ಜೊತೆಗೂಡಿ ತೊಗರಿ ಮತ್ತು ರಾಗಿಯನ್ನು ಒಟ್ಟಿಗೆ ಬೆಳೆಸಿ ನೋಡಿದರು. 2018 ಮತ್ತು 2020ರಲ್ಲಿ ಪ್ರಕಟವಾದ ಆ ಕೆಲಸ ಹೇಳುವುದಿಷ್ಟು: ತೊಗರಿಯ ತಾಯಿಬೇರು ಆಳದ ತೇವವನ್ನು ಹೀರುತ್ತದೆ, ರಾತ್ರಿ ಎಲೆಗಳ ಬಾಯಾರಿಕೆ ತಗ್ಗಿದಾಗ ಆ ನೀರು ಮೇಲಿನ ಬೇರುಗಳಿಂದ ಒಣಮಣ್ಣಿಗೆ ಜಿನುಗುತ್ತದೆ. ಎರಡೂ ಗಿಡಗಳ ಬೇರುಗಳನ್ನು ಬೆಸೆದ ಶಿಲೀಂಧ್ರದ ನೂಲೆಳೆಗಳು ಅದನ್ನು ಬರದಲ್ಲಿ ನಿಂತ ರಾಗಿಗೆ ಮುಟ್ಟಿಸುತ್ತವೆ. ಅತಿ ಹತ್ತಿರ ಬಿತ್ತಿದರೆ ಅದೇ ತೊಗರಿ ನೀರಿಗಾಗಿ ರಾಗಿಯ ಜೊತೆ ಜಗಳಕ್ಕೂ ನಿಲ್ಲುತ್ತದೆ, ಅದು ಬೇರೆ ಮಾತು. ನೆರೆಹೊರೆ ಎಂದ ಮೇಲೆ ಇಷ್ಟಾದರೂ ಬೇಡವೇ!

ಇಲ್ಲಿ ನಾವು ಆತುರಪಟ್ಟು ಗಿಡವನ್ನು ಶರಣನನ್ನಾಗಿ ಮಾಡಬಾರದು. ಬೇರಿಗೆ ದಯೆ ಗೊತ್ತಿಲ್ಲ. ಮಣ್ಣು ಬೇರಿಗಿಂತ ಒಣಗಿದೆ, ಆದ್ದರಿಂದ ನೀರು ಆ ಕಡೆ ಸರಿಯುತ್ತದೆ, ಅಷ್ಟೆ. ಹಾಗಾದರೆ ಕೊಡುವವನಿಗೆ ತಾನು ಕೊಡುತ್ತಿದ್ದೇನೆಂಬ ಅರಿವಿಲ್ಲದಿದ್ದರೆ ಅದು ಕೊಡುಗೆಯೇ ಅಲ್ಲವೇ? ಅಥವಾ ಆ ಅರಿವು ಇಲ್ಲದಿರುವುದೇ ಕೊಡುಗೆಯ ಹಿರಿಮೆಯೇ? ಈ ಪ್ರಶ್ನೆ ನಮ್ಮ ಸೀಮೆಗೆ ಹೊಸದಲ್ಲ. ದಾನದಲ್ಲಿ ಕೊಟ್ಟವನ ಕೈ ಮೇಲಿರುತ್ತದೆ, ದಾಸೋಹದಲ್ಲಿ 'ನಾನು' ಎಂಬುದು ಕರಗಿರಬೇಕು ಎಂದು ಶರಣರು ಬಹು ಹಿಂದೆಯೇ ಗೆರೆ ಎಳೆದಿದ್ದಾರೆ. ಜೇವರ್ಗಿ ತಾಲ್ಲೂಕಿನ ಅರಳಗುಂಡಗಿಯಲ್ಲಿ ಹುಟ್ಟಿದ ಶರಣಬಸವರು ಹೊಲದ ತೆನೆಯನ್ನು ಹಕ್ಕಿಗಳಿಗೆ ಬಿಟ್ಟರೆಂದು ಈ ನೆಲ ಇಂದಿಗೂ ಹೇಳಿಕೊಳ್ಳುತ್ತದೆ. ಹಕ್ಕಿ ಓಡಿಸುವ ಕವಣೆ ಕೈಗೆತ್ತಿಕೊಳ್ಳದವರನ್ನು ಲೋಕ ದಡ್ಡರೆಂದಿತ್ತೋ ಏನೋ. ಈ ಕತೆಗೆ ಪ್ರಯೋಗಾಲಯದ ಪುರಾವೆ ಬೇಕಿಲ್ಲ. ಆದರೆ ಪ್ರಯೋಗಾಲಯದ ಸುದ್ದಿ ಕೇಳಿದಾಗ ಈ ಕತೆ ನೆನಪಾಗದಿದ್ದರೆ ನಾವು ಈ ನೆಲದವರೆಂದು ಹೇಳಿಕೊಳ್ಳುವುದು ಹೇಗೆ?

ಕೊಡುವ ಗಿಡಕ್ಕೂ ಜೊತೆ ಬೇಕು ಎಂಬುದನ್ನು ನಮಗೆ ಕಲಿಸುತ್ತಿರುವುದು ನೆಟೆ ರೋಗ. ಹೂ ಬಿಟ್ಟು ಕಾಯಿ ಹಿಡಿಯುವ ಹೊತ್ತಿಗೆ ಗಿಡ ನಿಂತಲ್ಲೇ ಒಣಗುತ್ತದೆ. ಕಾಂಡ ಸೀಳಿದರೆ ಒಳಗೆ ಕಪ್ಪುಗೆರೆ. ಫ್ಯುಸೇರಿಯಂ ಎಂಬ ಆ ಶಿಲೀಂಧ್ರ ಮಣ್ಣಿನಲ್ಲಿ ವರ್ಷಗಟ್ಟಲೆ ಕಾದು ಕೂತಿರುತ್ತದೆ. ಜೋಳದ ಜೊತೆ ಬೆಳೆದ ತೊಗರಿಯಲ್ಲಿ ನೆಟೆ ಕಡಿಮೆ ಎಂದು ಹೈದರಾಬಾದ್ ಬಳಿಯ ಪಟಾನ್‌ಚೆರುವಿನ ಕೃಷಿ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ 1980ರ ದಶಕದಲ್ಲೇ ಕಂಡಿತ್ತು. ಒಂದೇ ಬೇಲಿಯೊಳಗೆ ಹೆಸರು, ಎಳ್ಳು, ಸಜ್ಜೆ, ತೊಗರಿ ಬಿತ್ತುತ್ತಿದ್ದ ಅಜ್ಜಂದಿರಿಗೆ ಫ್ಯುಸೇರಿಯಂ ಎಂಬ ಹೆಸರು ಗೊತ್ತಿರಲಿಲ್ಲ. ಈಗ ಹೆಸರು ಗೊತ್ತು; ಕಣ್ಣು ಹಾಯುವವರೆಗೂ ತೊಗರಿ ಒಂದೇ. ಇದಕ್ಕೆ ರೈತನನ್ನು ದೂರುವುದು ಸುಲಭ. ಆಳು ಸಿಗದ ಕಾಲದಲ್ಲಿ, ಯಂತ್ರದ ಕಟಾವಿನ ಮುಂದೆ, ಮಿಶ್ರ ಬೆಳೆಯ ತಾಳ್ಮೆಗೆ ಬೆಲೆ ಕಟ್ಟಿದವರು ಯಾರು?

ಅದೇ ಇಕ್ರಿಸ್ಯಾಟ್ ಮುಂದಾಳತ್ವದಲ್ಲಿ 2011ರಲ್ಲಿ ತೊಗರಿಯ ವಂಶವಾಹಿ ಸಂಕುಲವನ್ನು ಓದಲಾಯಿತು. ಲೆಕ್ಕಕ್ಕೆ ಸಿಕ್ಕ ಜೀನುಗಳು 48,680. ಓದಿಗೆ ಆರಿಸಿದ್ದ ತಳಿಯ ಹೆಸರು 'ಆಶಾ'. 2025ರಲ್ಲಿ 45 ಡಿಗ್ರಿ ಬಿಸಿಲು ತಾಳಿ 125 ದಿನಕ್ಕೆ ಕೈಗೆ ಬರುವ ಬೇಸಿಗೆ ತಳಿಯೂ ಬಂತು. ನಮ್ಮ ಬಿಸಿಲು ಬಲ್ಲವರು ಇದನ್ನು ಹಗುರವಾಗಿ ತಳ್ಳಿಹಾಕಲಾರರು. ಆದರೂ ಮನಸ್ಸು ಕೇಳುತ್ತದೆ: ಆರು ತಿಂಗಳು ಕಾಯುವ ಗಿಡ ಇಳಿದಷ್ಟು ಆಳಕ್ಕೆ ನಾಲ್ಕೇ ತಿಂಗಳ ಗಿಡದ ಬೇರು ಇಳಿದೀತೇ? ನೆರೆಯವನಿಗೆ ಜಿನುಗಿಸುವಷ್ಟು ಬಿಡುವು ಅದಕ್ಕಿದ್ದೀತೇ?

ರಾಗಿಯ ಪ್ರಯೋಗವನ್ನು ನಮ್ಮ ಎರೆಮಣ್ಣಿನಲ್ಲಿ ಸಜ್ಜೆ, ಜೋಳಗಳ ಜೊತೆ ಮಾಡಿ ನೋಡಿ ಎಂದು ವಿಜ್ಞಾನಿಗಳನ್ನು ಕೇಳೋಣ. ಅಲ್ಲಿಯವರೆಗೆ, ಈ ಮುಂಗಾರಿಗೆ ಕೂರಿಗೆ ಹೂಡುವಾಗ, ಹೊಲದ ಒಂದು ಮೂಲೆಯಲ್ಲಾದರೂ ತೊಗರಿಯ ಪಕ್ಕದಲ್ಲಿ ಹೆಸರಿನ ಸಾಲು ಬಿಡಿ. ಹೆಸರು ಎಪ್ಪತ್ತು ದಿನಕ್ಕೆಲ್ಲ ಮನೆಗೆ ಬರುತ್ತದೆ. ತೊಗರಿ ಆಗಿನ್ನೂ ಹೂವು ಬಿಟ್ಟಿರುವುದಿಲ್ಲ.